ಎದೆಯೆತ್ತರದ ದಾರ

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ೨೦೨೨ನೇ ಇಸವಿಯ ಮಾತು. ನವೆಂಬರ್ ಬರುವ ಹೊತ್ತಿಗೆ ದೋಹಾ ಮದುವೆ ಮನೆಯಂತಾಗಿತ್ತು. ಕಟ್ಟಡಗಳ ಮೈತುಂಬ ಆಟಗಾರರ ಚಿತ್ರ, ಕಂಬಕಂಬಕ್ಕೂ ಬಾವುಟ. ಅಲ್ ಅಜೀಜಿಯಾದ ನಮ್ಮ ಫ್ಲಾಟಿನಲ್ಲಿ ಮಾತ್ರ ನಾವು ಮೂವರೂ ಸದ್ದಿಲ್ಲದೆ ಓಡಾಡಿಕೊಂಡಿದ್ದೆವು. ನಮ್ಮ ಯಜಮಾನರಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದದ್ದು ಆ ಬೇಸಿಗೆಯಲ್ಲಿ. ಅಕ್ಟೋಬರಿನಲ್ಲಿ ಡಾಕ್ಟರು ನನ್ನನ್ನೂ ಮಗಳು ಮೇಘನಾಳನ್ನೂ ಕೂರಿಸಿಕೊಂಡು, ಇನ್ನು ಕೊಡುವ ಔಷಧಿಯೆಲ್ಲ ನೋವು ತಡೆಯುವುದಕ್ಕೆ ಅಷ್ಟೇ ಎಂದು ಹೇಳಿಬಿಟ್ಟಿದ್ದರು. ಮೈಸೂರಿಗೆ ಹೋಗಿಬಿಡೋಣ ಎಂದರೆ ಇವರು ಒಪ್ಪಲಿಲ್ಲ.

“ಇಷ್ಟು ವರ್ಷ ಇಲ್ಲಿ ಮರ ನೆಟ್ಟಿದೀನಿ. ಅವು ಟಿವಿಯಲ್ಲಿ ಬರೋದನ್ನ ನೋಡ್ಕೊಂಡು ಹೋಗೋಣ, ಬಿಡೇ” ಎಂದರು.

ಅವರದು ಮರ ಬೆಳೆಸುವ ಕೆಲಸ. ರಸ್ತೆ ಬದಿಗೆ, ಸ್ಟೇಡಿಯಂಗಳ ಸುತ್ತ ಹಸಿರು ಬೆಳೆಸುವ ಒಂದು ಕಂಪನಿಯಲ್ಲಿ ಇದ್ದರು. ಬೇವು, ಇಲ್ಲಿಯವರು ಸಿದ್ರ್ ಎನ್ನುವ ಎಲಚಿ ಜಾತಿಯ ಮರ, ಇಂಥವನ್ನೆಲ್ಲ ಮರಳಿನಲ್ಲಿ ನಿಲ್ಲಿಸಿ, ಕೊಳವೆಯಲ್ಲಿ ಹನಿಹನಿ ನೀರು ಬಿಟ್ಟು ಬದುಕಿಸುವುದು. ಆದರೆ ಓದಿದ್ದು ದೊಡ್ಡ ಕಾಡಿನ ಓದು. ನಮ್ಮ ಮದುವೆಗೆ ಮುಂಚೆ ಕೆನಡಾ ದೇಶದ ಪಶ್ಚಿಮ ತೀರದಲ್ಲಿ, ಒಂದು ದೊಡ್ಡ ದ್ವೀಪದಲ್ಲಿ, ಡಗ್ಲಸ್ ಫರ್ ಎಂಬ ಮರದ ಮೇಲೆ ಸಂಶೋಧನೆ ಮಾಡಿ ಬಂದವರು. ನಾನು ಆ ಮರವನ್ನು ಅವರ ಬಾಯಿಂದ ಕೇಳಿದ್ದೇ ಹೊರತು ಕಂಡವಳಲ್ಲ. ಸೂಜಿಯಂಥ ಎಲೆ, ಗೋಪುರದಂತೆ ನೆಟ್ಟಗೆ ಬೆಳೆಯುವ ಕಾಂಡ, ಎಲೆ ಉಜ್ಜಿದರೆ ಕಿತ್ತಳೆ ಸಿಪ್ಪೆಯ ವಾಸನೆ ಎಂದು ಹೇಳುತ್ತಿದ್ದರು.

ಆ ಸಂಶೋಧನೆಯ ವಿಷಯ ನನಗೂ ಅರ್ಥವಾಗುವಂಥದ್ದೇ. ಮರವನ್ನು ಮೊದಲು ಒತ್ತಾಗಿ ನೆಡುತ್ತಾರೆ. ಒಂದಕ್ಕೊಂದು ಪೈಪೋಟಿಯಿಂದ ನೆಟ್ಟಗೆ ಮೇಲೆ ಹೋಗುತ್ತವೆ. ಒಂದು ಪ್ರಾಯ ಬಂದ ಮೇಲೆ ನಡುನಡುವೆ ಕೆಲವನ್ನು ಕಡಿದು ತೆಗೆದರೆ ಉಳಿದವಕ್ಕೆ ಬೆಳಕು, ನೀರು ಸಿಕ್ಕಿ ದಪ್ಪವಾಗುತ್ತವೆ. ಅದಕ್ಕೆ ಥಿನ್ನಿಂಗ್ ಅನ್ನುತ್ತಾರೆ. ನಮ್ಮಲ್ಲಿ ರಾಗಿ ಪೈರು ಒತ್ತಾದರೆ ಕೀಳುವುದಿಲ್ಲವೇ, ಹಾಗೆ. ಎಷ್ಟು ಕಡಿದರೆ ಒಳ್ಳೆಯದು ಎಂದು ತಿಳಿಯಲು ಅವರ ಪ್ರೊಫೆಸರು ಕಾಡನ್ನು ತುಂಡುತುಂಡಾಗಿ ಗುರುತು ಮಾಡಿದ್ದರು. ಒಂದು ತುಂಡಿನಲ್ಲಿ ಏನೂ ಕಡಿಯುವ ಹಾಗಿಲ್ಲ. ಪಕ್ಕದ ಒಂದು ತುಂಡನ್ನು ನಮ್ಮವರ ಕೈಗೆ ಕೊಟ್ಟು, “ಯಾವುದು ಉಳಿಯಬೇಕು, ನೀನೇ ನೋಡು” ಎಂದರಂತೆ. ಇವರು ಧೈರ್ಯ ಮಾಡಿ ಅರ್ಧಕ್ಕಿಂತ ಹೆಚ್ಚು ತೆಗೆಸಿದರು.

ಅದೇ ಚಳಿಗಾಲದಲ್ಲಿ ಸಮುದ್ರದ ಕಡೆಯಿಂದ ದೊಡ್ಡ ಗಾಳಿ ಬಂತು. ಕಡಿಯದ ತುಂಡಿನ ಮರಗಳು ಒಂದಕ್ಕೊಂದು ಒರಗಿಕೊಂಡು ನಿಂತವು. ಇವರ ತುಂಡಿನಲ್ಲಿ ಒಂಟಿಯಾಗಿ ಉಳಿದ ಮರಗಳು ಒಂದರ ಮೇಲೊಂದು ಉರುಳಿದವು. ಉಳಿದ ಕೆಲವೂ ವಾಲಿದ್ದವಂತೆ. ಅದನ್ನು ನೋಡಿಕೊಂಡೇ ಇವರು ಊರಿಗೆ ಮರಳಿದ್ದು. ಆಮೇಲೆ ಪ್ರೊಫೆಸರು ತೀರಿಕೊಂಡರು, ಆ ಕಾಡಿನ ಸುದ್ದಿ ಬರುವುದೇ ನಿಂತುಹೋಯಿತು. ಇವರು ಸಂಶೋಧನೆಯ ಕಡೆ ತಲೆ ಹಾಕಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟೋ ಸಲ, ಏನೂ ಸಂಬಂಧವಿಲ್ಲದ ಮಾತಿನ ನಡುವೆ, “ನಾನು ಒಂದು ಕಾಡು ಹಾಳು ಮಾಡಿ ಬಂದವನು ಕಣೇ” ಅನ್ನುತ್ತಿದ್ದರು.

ನನ್ನ ಬಾಲ್ಕನಿಯ ತುಳಸಿ ಕುಂಡದಲ್ಲಿ ಬೀಜ ಉದುರಿ ಸಸಿಗಳು ಒತ್ತೊತ್ತಾಗಿ ಎದ್ದಿದ್ದವು. “ಒಂದೆರಡು ಬಿಟ್ಟು ಮಿಕ್ಕಿದ್ದು ಕಿತ್ತುಕೊಡಿ” ಎಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುವರು. “ಯಾವುದನ್ನ ಕೀಳಲಿ? ನೀನೇ ಕಿತ್ತುಕೋ.” ತುಳಸಿಯನ್ನು ಕೀಳಲು ನನಗೂ ಮನಸ್ಸು ಬಾರದು. ಹೀಗೆ ಆ ಕುಂಡದಲ್ಲಿ ಯಾವುದೂ ಸರಿಯಾಗಿ ಬೆಳೆಯದೆ ಎಲ್ಲವೂ ನೂಲಿನಂತೆ ನಿಂತಿದ್ದವು.

ಕೆನಡಾದ ಅಭ್ಯಾಸ ಇನ್ನೊಂದು ಅವರಿಗೆ ಅಂಟಿಕೊಂಡಿತ್ತು. ಅಲ್ಲಿ ಪ್ರತಿ ಮರಕ್ಕೂ ನಂಬರಿನ ತಗಡಿನ ಬಿಲ್ಲೆ ಹೊಡೆಯುತ್ತಾರೆ. ಮೊಳೆಯನ್ನು ಪೂರ್ತಿ ಹೊಡೆಯದೆ ಒಂದು ಬೆರಳಷ್ಟು ಹೊರಗೆ ಬಿಡಬೇಕು, ಮರ ದಪ್ಪವಾಗಲು ಜಾಗ ಬೇಕಲ್ಲ. ನಮ್ಮ ಮನೆಯಲ್ಲಿ ಕ್ಯಾಲೆಂಡರಿಗೆ, ದೇವರ ಪಟಕ್ಕೆ ಹೊಡೆದ ಮೊಳೆಗಳೂ ಹಾಗೇ ಉದ್ದಕ್ಕೆ ಚಾಚಿಕೊಂಡಿವೆ. ನನ್ನ ಸೀರೆ ಎಷ್ಟು ಸಲ ಸಿಕ್ಕಿಕೊಂಡಿದೆಯೋ. “ಈ ಗೋಡೆಯೂ ದಪ್ಪ ಆಗತ್ತೇನ್ರೀ?” ಎಂದರೆ, “ಬಾಡಿಗೆ ಮನೆ, ಏನು ಹೇಳೋಕಾಗಲ್ಲ” ಎಂದು ನಗುವರು.

ವಿಶ್ವಕಪ್ಪಿಗೆ ಬರುವ ಪರದೇಶದವರನ್ನು ಇಲ್ಲಿ ವಾಸವಿರುವವರು ಹೆಸರು ಬರೆಸಿ ಮನೆಯಲ್ಲೇ ಉಳಿಸಿಕೊಳ್ಳಬಹುದಾಗಿತ್ತು. ಹೋಟೆಲು ಅಷ್ಟು ದುಬಾರಿಯಾಗಿತ್ತು. ಒಂದು ಸಂಜೆ ನಮಗೆ ಬೇಕಾದವರಾದ ಶೆಟ್ಟರು ಬಂದರು. ಉಡುಪಿ ಕಡೆಯವರು, ಇಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ವ್ಯಾಪಾರ. ನನ್ನನ್ನು ಅಕ್ಕ ಎಂದೂ ಇವರನ್ನು ಭಾವ ಎಂದೂ ಕರೆಯುವರು.

“ಅಕ್ಕ, ಕೇಳಲಿಕ್ಕೇ ನಾಚಿಕೆ ಆಗ್ತದೆ. ನನ್ನ ತಂಗಿಯ ಮಗಳು ಕೆನಡಾದಲ್ಲಿ ನರ್ಸಿಂಗ್ ಓದ್ತಾಳಲ್ಲ, ಅವಳಿರುವ ಮನೆಯ ಓನರಮ್ಮ ಮ್ಯಾಚ್ ನೋಡ್ಲಿಕ್ಕೆ ಬರ್ತಾರಂತೆ. ನಮ್ಮಲ್ಲಿ ಈಗಲೇ ಊರಿನಿಂದ ಆರು ಜನ ಬಂದು ಕೂತಿದ್ದಾರೆ ಮಾರಾಯ್ರೆ. ನಿಮ್ಮಲ್ಲಿ ಒಂದು ರೂಮು ಉಂಟಲ್ಲ. ಭಾವನ ಪರಿಸ್ಥಿತಿ ನನಗೆ ಗೊತ್ತುಂಟು, ಆಗುದಿಲ್ಲ ಅಂತ ಹೇಳಿದ್ರೆ ಏನೂ ಬೇಜಾರಿಲ್ಲ.”

ನಾನು ಆಗುವುದಿಲ್ಲ ಎಂದೇ ಹೇಳುವವಳಿದ್ದೆ. ಅಷ್ಟರಲ್ಲಿ ಒಳಗಿನಿಂದ ಇವರ ಧ್ವನಿ ಬಂತು. “ಕೆನಡಾದಲ್ಲಿ ಎಲ್ಲಿಯವರು ಶೆಟ್ರೇ?”

ಶೆಟ್ಟರು ಹೇಳಿದ್ದು ಇವರು ಸಂಶೋಧನೆ ಮಾಡಿದ ಆ ದ್ವೀಪದ ಹೆಸರನ್ನೇ.

“ಬರಲಿ” ಎಂದರು ಇವರು. ನಾನು ದೇವರ ಮನೆ ಎಂದು ಮಾಡಿಕೊಂಡಿದ್ದ ಕಪಾಟಿನ ಕಡೆ ತಿರುಗಿ ನಂಜುಂಡೇಶ್ವರನ ಪಟ ನೋಡಿದೆ. ಆ ತಿಂಗಳಿನಲ್ಲಿ ಅವರು ತಾವಾಗಿ ಏನನ್ನಾದರೂ ಬೇಕು ಎಂದು ಹೇಳಿದ್ದು ಅದೇ ಮೊದಲು.

ಮಾರ್ಗರೆಟ್ ಎಂದು ಆ ಹೆಂಗಸಿನ ಹೆಸರು. ಅರವತ್ತು ದಾಟಿದವರು, ಸ್ಕೂಲ್ ಬಸ್ಸಿನ ಡ್ರೈವರ್ ಆಗಿದ್ದು ರಿಟೈರಾದವರು. ಎಷ್ಟೋ ವರ್ಷದ ಮೇಲೆ ಅವರ ದೇಶ ವಿಶ್ವಕಪ್ಪಿಗೆ ಬಂದಿದೆ ಎಂದು ಕೂಡಿಟ್ಟ ದುಡ್ಡನ್ನೆಲ್ಲ ಕಟ್ಟಿ ಬಂದಿದ್ದರು. ನಾನು ಮಾರ್ಗರೆಟ್ಟಮ್ಮ ಎಂದು ಕರೆದೆ, ಅದೇ ನಿಂತಿತು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಮುಶೈರಿಬ್‌ನಲ್ಲಿ ಆಫೀಸು ಮುಗಿಸಿ ಮೇಘನಾ ಬರುವ ತನಕ ನಾವಿಬ್ಬರೂ ಕೈಸನ್ನೆಯಲ್ಲೇ ಸಂಸಾರ ಮಾಡಿದೆವು. ಅವರು ಉಪ್ಪಿಟ್ಟಿಗೆ ಜಾಮ್ ಹಾಕಿಕೊಂಡು ತಿಂದರು. ನಾನು ಕಣ್ಣು ಮುಚ್ಚಿಕೊಂಡೆ. ಇವರು ಮಲಗಿದ್ದಲ್ಲಿಂದಲೇ, “ಸುಮ್ಮನಿರೇ, ಅವರ ಊರಲ್ಲಿ ನಾನು ಸೇಬಿಗೆ ಉಪ್ಪು ಖಾರ ಹಾಕ್ಕೊಂಡು ತಿಂದಾಗ ಅವರೂ ಹಿಂಗೇ ನೋಡ್ತಿದ್ರು” ಎಂದರು.

ಎರಡನೆಯ ದಿನ ಸಂಜೆ ಆ ಮಾತು ಬಂತು. ಇವರು ದಿಂಬಿಗೆ ಒರಗಿ ಕೂತಿದ್ದರು. ಆ ಕಾಡಿಗೆ ಹತ್ತಿರದ ಪೇಟೆಯ ಹೆಸರು ಹೇಳಿ, ಗೊತ್ತೇ ಎಂದು ಕೇಳಿದರು. ಮಾರ್ಗರೆಟ್ಟಮ್ಮನ ತಮ್ಮ ಅಲ್ಲೇ ಇರುವುದಂತೆ. ಡ್ಯಾನ್ ಎಂದು ಹೆಸರು, ಕೊಳಾಯಿ ಕೆಲಸ. ಇವರ ಮುಖ ನೋಡಬೇಕಿತ್ತು. ಆದರೆ ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳಿ, ಹಾಳಾಗಿದೆ ಎಂಬ ಉತ್ತರ ಬಂದರೆ ಎಂಬ ಹೆದರಿಕೆ ಇದ್ದಿರಬೇಕು.

ಅಡುಗೆಮನೆಯಲ್ಲಿ ನಾನೇ ಮೇಘನಾಳನ್ನು ಹಿಡಿದು ನಿಲ್ಲಿಸಿದೆ. “ಆಯಮ್ಮನಿಗೆ ಎಲ್ಲಾ ಹೇಳು. ಗಾಳಿ ಬಂದಿದ್ದು, ಮರ ಬಿದ್ದಿದ್ದು, ಎಲ್ಲಾ. ಅವರ ತಮ್ಮ ಒಂದು ಸಲ ಹೋಗಿ ನೋಡಿ ಬರೋಕಾಗತ್ತಾ ಕೇಳು.”

“ಅಮ್ಮಾ, ಅಲ್ಲಿ ಈಗ ಚಳಿಗಾಲ. ಮೂವತ್ತು ವರ್ಷ ಆಗಿದೆ. ಮರ ಎಲ್ಲಾ ಕಟ್ ಮಾಡಿ ಮಾರಿರ್ತಾರೆ. ಅಪ್ಪ ಇನ್ನೂ ಡಿಪ್ರೆಸ್ ಆಗ್ತಾರೆ, ಅಷ್ಟೇ.”

“ಗೊತ್ತಾಗ್ಲಿ ಬಿಡು. ಗೊತ್ತಿಲ್ಲದೆ ಹೋಗೋದು ಬೇಡ.”

ಹೋಗೋದು ಎಂಬ ಮಾತು ನನ್ನ ಬಾಯಿಂದ ಅಂದೇ ಮೊದಲು ಬಂದದ್ದು. ಮಗಳು ನನ್ನ ಮುಖ ನೋಡಿ, ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಮಾರ್ಗರೆಟ್ಟಮ್ಮನ ರೂಮಿಗೆ ಹೋದಳು.

ಭಾನುವಾರ ಹೋಗಿಬರಲು ಡ್ಯಾನ್ ಒಪ್ಪಿದರು. ಇವರು ದಾರಿ ಹೇಳಿದರು, ಮೇಘನಾ ಫೋನಿನಲ್ಲಿ ಧ್ವನಿ ರೆಕಾರ್ಡು ಮಾಡಿ ಕಳಿಸಿದಳು. ಕಬ್ಬಿಣದ ಸೇತುವೆ ದಾಟಿ ಎಡಕ್ಕೆ, ಹಳ್ಳದ ಗುಂಟ ಮೇಲೆ, ಆನೆ ಕೂತ ಹಾಗಿರುವ ಬಂಡೆಯ ಹತ್ತಿರ ಗಾಡಿ ನಿಲ್ಲಿಸಿ ಒಳಗೆ ನಡೆಯಬೇಕು. ಮಾರ್ಗರೆಟ್ಟಮ್ಮ ನಕ್ಕು, “ನನ್ನ ತಮ್ಮ ಆನೆಯನ್ನು ಟಿವಿಯಲ್ಲಿ ಮಾತ್ರ ಕಂಡಿದ್ದಾನೆ, ಅದೂ ನಿಂತ ಆನೆ” ಎಂದರಂತೆ. ಇವರೂ ನಕ್ಕರು. ನಗುವಾಗ ಹೊಟ್ಟೆ ಹಿಡಿದುಕೊಂಡರು.

ಆ ಭಾನುವಾರ ಕಾದದ್ದನ್ನು ಹೇಳಲಾರೆ. ಕಾಡಿನೊಳಗೆ ಫೋನು ಹಿಡಿಯುವುದಿಲ್ಲ, ವಿಡಿಯೋ ತೆಗೆದು ಪೇಟೆಗೆ ಇಳಿದ ಮೇಲೆ ಕಳಿಸಬೇಕು. ಅಲ್ಲಿ ಬೆಳಗಾಗುವಾಗ ನಮಗೆ ರಾತ್ರಿಯ ಊಟದ ಹೊತ್ತು. ವಿಡಿಯೋ ಬಂದದ್ದು ಸೋಮವಾರ ಬೆಳಗ್ಗೆ, ನಾನು ದೇವರಿಗೆ ದೀಪ ಹಚ್ಚಿ ಏಳುತ್ತಿದ್ದ ಹಾಗೆ. ಆಫೀಸಿಗೆ ಹೊರಟಿದ್ದ ಮೇಘನಾ ಬ್ಯಾಗು ಎಸೆದು ಬಂದಳು. ಎಲ್ಲರೂ ಮಂಚದ ಸುತ್ತ ಕೂತೆವು.

ಮಂಜು ಮುಸುಕಿದ ಕಾಡು. ಡ್ಯಾನ್ ಏದುಸಿರು ಬಿಡುತ್ತಾ ಮಾತಾಡುತ್ತಾರೆ, ಮುಖ ಕಾಣುವುದಿಲ್ಲ. ಬಂಡೆ ಸಿಕ್ಕಿತು. ಕಡಿಯದ ತುಂಡು ಸಿಕ್ಕಿತು. ಕಡ್ಡಿಯಂಥ ಮರಗಳು, ನಡುನಡುವೆ ನಿಂತಲ್ಲೇ ಸತ್ತವು, ಆದರೆ ಎದೆಯೆತ್ತರದಲ್ಲಿ ಬಿಲ್ಲೆಗಳು ಹಾಗೇ ನೇತಾಡುತ್ತಿದ್ದವು, ನಂಬರು ಸಹಿತ. ಇವರು ಮಗುವಿನ ಹಾಗೆ ಬೆರಳು ತೋರಿಸಿದರು. ಆಮೇಲೆ ಡ್ಯಾನ್ ಪಕ್ಕಕ್ಕೆ ತಿರುಗಿದರು. ಭಾರಿ ಭಾರಿ ಮರಗಳು. ಕೆಳಗೆ ಜರಿಗಿಡ, ಎಳೆಯ ಸಸಿಗಳು. ಡ್ಯಾನ್ ಸುತ್ತ ತಿರುಗಿ ತಿರುಗಿ ನೋಡಿ ಹೇಳಿದ್ದನ್ನು ಮೇಘನಾ ಕನ್ನಡದಲ್ಲಿ ಹೇಳಿದಳು: “ಇಲ್ಲಿ ಒಂದರಲ್ಲೂ ಬಿಲ್ಲೆ ಇಲ್ಲ. ಇದು ಯಾವುದೋ ಹಳೇ ಕಾಡು. ನಿಮ್ಮ ತುಂಡು ಹೋಗಿಬಿಟ್ಟಿದೆ ಅನ್ಸತ್ತೆ ಸರ್. ಐ ಆಮ್ ಸಾರಿ.”

ವಿಡಿಯೋ ಮುಗಿಯಿತು.

ಇವರು ಫೋನನ್ನು ಮಗಳ ಕೈಗೆ ಕೊಟ್ಟು, “ಥ್ಯಾಂಕ್ಸ್ ಹೇಳು ಅವರಿಗೆ. ಪಾಪ, ಚಳಿಯಲ್ಲಿ ಹೋಗಿದಾರೆ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮಾರ್ಗರೆಟ್ಟಮ್ಮ ಸದ್ದಿಲ್ಲದೆ ಎದ್ದುಹೋದರು. ಮೇಘನಾ ನನ್ನನ್ನು ನೋಡಿದ ನೋಟದಲ್ಲಿ ನಾನು ಹೇಳಿರಲಿಲ್ಲವೇ ಎಂಬುದಿತ್ತು. ಅವಳ ತಪ್ಪಲ್ಲ. ಅಂದು ಇವರು ಗಂಜಿಯನ್ನೂ ಮುಟ್ಟಲಿಲ್ಲ. ಸಂಜೆ ಟಿವಿಯಲ್ಲಿ ಮ್ಯಾಚು ಹಾಕಿದರೂ ಕಣ್ಣು ತೆರೆಯಲಿಲ್ಲ. ಅದಕ್ಕೆ ಮುಂಚೆ ದಿನಾ ನೋಡುತ್ತಿದ್ದರು. ಹೆಲಿಕಾಪ್ಟರಿನಿಂದ ಸ್ಟೇಡಿಯಂ ತೋರಿಸುವಾಗ ಎಲ್ಲರೂ ಗೋಲು ಗೋಲು ಎಂದು ಕೂಗಿದರೆ ಇವರು, “ಅಗೋ ಆ ಮೂಲೆ ಬೇವಿಗೆ ನೀರು ಸಾಲ್ತಿಲ್ಲ” ಅನ್ನುತ್ತಿದ್ದರು. ಅಂದು ಅದೂ ಇಲ್ಲ.

ನಾನು ದೇವರ ಮುಂದೆ ಕೂತೆ. ಅವರ ಕಾಯಿಲೆ ವಾಸಿ ಮಾಡು ಎಂದು ಕೇಳುವುದನ್ನು ಅಕ್ಟೋಬರಿನಲ್ಲೇ ಬಿಟ್ಟಿದ್ದೆ. ಇದೊಂದನ್ನು ಕೇಳಿಕೊಂಡಿದ್ದೆ. ಇದೂ ಇಲ್ಲವಾಯಿತಲ್ಲ ಎಂದು ದೇವರ ಮೇಲೆ ಸಿಟ್ಟೇ ಬಂತು, ಬರೆಯಲು ಸಂಕೋಚವಿಲ್ಲ.

ಮರುದಿನ ಮಧ್ಯಾಹ್ನ. ಮೇಘನಾ ಆಫೀಸಿಗೆ ಹೋಗಿದ್ದಳು, ಮಾರ್ಗರೆಟ್ಟಮ್ಮ ಊರು ಸುತ್ತಲು ಮೆಟ್ರೋದಲ್ಲಿ ಹೋಗಿದ್ದರು. ಇವರು ನಿದ್ದೆಯಲ್ಲಿದ್ದರು. ಮಗಳು ಆ ವಿಡಿಯೋವನ್ನು ನನ್ನ ಫೋನಿಗೂ ಹಾಕಿದ್ದಳು. ಮಂಚದ ಪಕ್ಕದಲ್ಲಿ ಕೂತು ಸದ್ದು ತೆಗೆದು ನೋಡತೊಡಗಿದೆ. ನನಗೆ ಬೇಕಾಗಿದ್ದು ಇಷ್ಟೇ, ಪ್ರಾಯದಲ್ಲಿ ಇವರು ಓಡಾಡಿದ ಜಾಗ ಹೇಗಿದೆ ಎಂದು. ಆ ದೊಡ್ಡ ಮರಗಳನ್ನು ನೋಡುವಾಗ, ನಮ್ಮ ಕಡೆಯಾಗಿದ್ದರೆ ಇಂಥ ಮರದ ಬುಡದಲ್ಲಿ ಒಂದು ಕಲ್ಲಿಟ್ಟು ಅರಿಸಿನ ಕುಂಕುಮ ಹಚ್ಚಿರುತ್ತಿದ್ದರು ಎನ್ನಿಸಿತು. ಕುಂಕುಮ ಹಚ್ಚುವ ಎತ್ತರಕ್ಕೆ ಕಣ್ಣು ಹೋಯಿತು. ಅಲ್ಲಿ ತೊಗಟೆ ಸುರುಟಿಕೊಂಡು ಒಂದು ಗುಳಿ. ಮಗುವಿನ ಹೊಕ್ಕುಳಿನ ಹಾಗೆ. ಮುಂದಿನ ಮರ ಬಂತು. ಅದರಲ್ಲೂ ಅಷ್ಟೇ ಎತ್ತರದಲ್ಲಿ ಒಂದು ಹೊಕ್ಕುಳು. ಅದರಾಚೆಯದರಲ್ಲೂ. ಎಲ್ಲವೂ ಒಂದೇ ಕಡೆಗೆ ಮುಖ ಮಾಡಿದ್ದವು.

ಇವರು ಕಣ್ಣು ಬಿಟ್ಟಿದ್ದರು. “ಏನು ನೋಡ್ತಿದೀಯ?”

“ಏನೂ ಇಲ್ಲ ರೀ. ಈ ಮರಕ್ಕೆಲ್ಲ ಹೊಕ್ಕುಳು ಇರತ್ತಾ?”

“ಹೊಕ್ಕುಳೇನೇ?”

ಫೋನು ಅವರ ಕಣ್ಣಿಗೆ ಹತ್ತಿರ ಹಿಡಿದೆ. ಮೇಘನಾ ಕಲಿಸಿದ್ದಂತೆ ಎರಡು ಬೆರಳಿನಲ್ಲಿ ಚಿತ್ರ ದೊಡ್ಡದು ಮಾಡಿದೆ. ಗುಳಿಯ ಅಂಚಿನಲ್ಲಿ ಬೂದು ಬಣ್ಣದ ಒಂದು ಚೂರು, ಉಗುರಿನಷ್ಟು, ಹೊರಗೆ ಇಣುಕುತ್ತಿತ್ತು.

ಬಹಳ ಹೊತ್ತು ನೋಡಿದರು. “ತಗಡು” ಎಂದರು. ಆಮೇಲೆ, “ನುಂಗಿಬಿಟ್ಟಿವೆ ಕಣೇ. ಬಿಲ್ಲೆ, ಮೊಳೆ, ಎಲ್ಲಾನೂ ನುಂಗಿಬಿಟ್ಟಿವೆ.”

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಬೆರಳಷ್ಟು ಮೊಳೆ ಹೊರಗೆ ಬಿಟ್ಟರೂ ಕೆಲವು ವರ್ಷಕ್ಕೊಮ್ಮೆ ಯಾರಾದರೂ ಬಂದು ಅದನ್ನು ಹೊರಗೆಳೆಯುತ್ತಿರಬೇಕು. ಪ್ರೊಫೆಸರು ಹೋದ ಮೇಲೆ ಯಾರೂ ಬಂದಿಲ್ಲ. ಕಡಿಯದ ತುಂಡಿನ ಮರಗಳು ದಪ್ಪವಾಗಲೇ ಇಲ್ಲ, ಅದಕ್ಕೇ ಅಲ್ಲಿ ಬಿಲ್ಲೆಗಳು ಇನ್ನೂ ನೇತಾಡುತ್ತಿವೆ. ಇವು ದಪ್ಪವಾಗಿ ಆಗಿ ಬಿಲ್ಲೆಯ ಮೇಲೆಯೇ ಬೆಳೆದುಬಿಟ್ಟಿವೆ. ಡ್ಯಾನ್ ಹಳೇ ಕಾಡು ಅಂದದ್ದು ಇವರ ತುಂಡನ್ನೇ. ಅಷ್ಟು ಬೆಳೆದಿವೆ, ನಂಬಲಾಗಲಿಲ್ಲ ಆತನಿಗೆ.

“ಬಿದ್ದಿದ್ದು ಬಿದ್ದೇ ಹೋಯ್ತು ಸುಶೀಲಾ. ಅದು ನನ್ನ ಲೆಕ್ಕದಲ್ಲೇ ಇರಲಿ. ನಿಂತವು ನಿಂತಿವೆಯಲ್ಲ” ಎಂದು ಫೋನನ್ನು ಎದೆಯ ಮೇಲಿಟ್ಟುಕೊಂಡು ಅತ್ತರು. ಕಾಯಿಲೆ ಎಂದು ಗೊತ್ತಾದ ದಿನವೂ ಅಳದ ಮನುಷ್ಯ.

ಅತ್ತು ಸುಧಾರಿಸಿಕೊಂಡ ಮೇಲೆ ಇನ್ನೊಂದು ಮಾತು ಹೇಳಿದರು. “ಪಕ್ಕದ್ದನ್ನ ಕಡಿದಾಗ ಉಳಿದ ಮರಕ್ಕೆ ಒರಗೋಕೆ ಏನೂ ಇರಲ್ಲ. ಮೊದಲ ಒಂದೆರಡು ಚಳಿಗಾಲ ಬಹಳ ಕಷ್ಟ. ಗಾಳಿಗೆ ಆಡಿ ಆಡಿ ಬುಡ ದಪ್ಪ ಮಾಡ್ಕೋತವೆ, ಬೇರು ಅಗಲ ಮಾಡ್ಕೋತವೆ. ಆಮೇಲೆ ಏನೂ ಆಗಲ್ಲ ಅವಕ್ಕೆ.” ನಾನು ಹೂಂ ಹೂಂ ಎಂದು ಕೇಳಿಕೊಂಡೆ. ಗಂಜಿ ಕುಡಿಯುತ್ತೀರಾ ಎಂದೆ. ಹೂಂ ಅಂದರು.

ಸಂಜೆ ಮೇಘನಾಳಿಗೆ ಹೇಳಿದಾಗ ಅವಳು ಚಪ್ಪಲಿಯನ್ನೂ ಬಿಡದೆ ಅಪ್ಪನನ್ನು ತಬ್ಬಿಕೊಂಡಳು. ಮಾರ್ಗರೆಟ್ಟಮ್ಮ ತಮ್ಮನಿಗೆ ಫೋನು ಮಾಡಿ ಬೈದರು. “ಮೂವತ್ತು ವರ್ಷದಿಂದ ಬೇರೆಯವರ ಗೋಡೆಯಲ್ಲಿ ಪೈಪು ಹುಡುಕ್ತೀಯ, ಮರದಲ್ಲಿ ಮೊಳೆ ಕಾಣಲಿಲ್ವಾ ನಿನಗೆ!” ಇವರು ಮಂಚದ ಮೇಲಿಂದ ಕೈ ಆಡಿಸಿ ಫೋನು ಇಸಿದುಕೊಂಡು ಡ್ಯಾನ್ ಹತ್ತಿರ ಒಂದು ಬೇಡಿಕೆ ಇಟ್ಟರು. ಇನ್ನೊಮ್ಮೆ ಆ ಕಡೆ ಹೋದರೆ ಒಂದು ಮರಕ್ಕೆ ಎದೆಯೆತ್ತರದಲ್ಲಿ ದಾರ ಸುತ್ತಿ, ಸರಿಯಾಗಿ ಅಷ್ಟಕ್ಕೇ ಕತ್ತರಿಸಿ ಕಳಿಸಬೇಕು. ಟೇಪು ಹಿಡಿದು ಅಳೆದು ಹೇಳುತ್ತೇನೆ ಎಂದರಂತೆ ಡ್ಯಾನ್. “ಬೇಡ. ನಂಬರು ಜೀವನ ಪೂರ್ತಿ ಬರೆದಿದೀನಿ. ಕಣ್ಣಲ್ಲಿ ನೋಡ್ಬೇಕು” ಎಂದರು ಇವರು.

ಮಾರನೆಯ ಬೆಳಗ್ಗೆ ನಾನು ಸ್ನಾನ ಮಾಡಿ ಬರುವಾಗ ಮಂಚದ ಮೇಲೆ ಇವರಿಲ್ಲ. ನೋಡಿದರೆ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾರೆ. ಗೋಡೆ ಹಿಡಿದುಕೊಂಡು ಒಬ್ಬರೇ ಹೋಗಿದ್ದರು. ತುಳಸಿ ಕುಂಡ ಎರಡು ಕಾಲಿನ ನಡುವೆ. ಒಂದೊಂದೇ ಸಸಿಯನ್ನು ಮುಟ್ಟಿ, ಬಗ್ಗಿಸಿ ನೋಡಿ, ಮೆಲ್ಲಗೆ ಕಿತ್ತು ಮಡಿಲಿನ ಟವೆಲಿನ ಮೇಲೆ ಇಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಕೊನೆಗೆ ಒಂದನ್ನು ಉಳಿಸಿದರು. ಕಿತ್ತವನ್ನೆಲ್ಲ ನನ್ನ ಕೈಗೆ ಕೊಟ್ಟು, “ಎಸೀಬೇಡ. ದೇವರಿಗೆ ಇಡು” ಎಂದರು. ಅಂದಿನ ಪೂಜೆಗೆ ಅಷ್ಟು ತುಳಸಿ ನನ್ನ ದೇವರಿಗೆ ಕತಾರಿನಲ್ಲಿ ಎಂದೂ ಸಿಕ್ಕಿರಲಿಲ್ಲ.

ಕೆನಡಾ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದಿತು. ಹೊರಡುವ ದಿನ ಮಾರ್ಗರೆಟ್ಟಮ್ಮ ತಮ್ಮ ಕೆಂಪು ಟೋಪಿಯನ್ನು ಇವರ ತಲೆಗೆ ಹಾಕಿದರು. “ನಿಮ್ಮ ಟೀಮು ಸೋತರೂ ನಮ್ಮ ಮರ ಗೆದ್ದಿದೆ” ಎಂದರು ಇವರು. ಆಯಮ್ಮ ನಕ್ಕು, ಕಾರಿಡಾರಿಗೆ ಬಂದ ಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತರು. ನಮಗಿಬ್ಬರಿಗೂ ಭಾಷೆ ಬೇಕಾಗಲಿಲ್ಲ.

ಅಲ್ಲಿ ಹಿಮ ಬಿದ್ದು ಕಾಡಿನ ದಾರಿ ಮುಚ್ಚಿತು. ಡ್ಯಾನ್ ಎರಡು ಸಲ ಹೊರಟು ಸೇತುವೆಯಿಂದಲೇ ವಾಪಸಾದರಂತೆ. ಇಲ್ಲಿ ಇವರಿಗೆ ನೀರೂ ಇಳಿಯದ ಹಾಗಾಯಿತು. ಆಸ್ಪತ್ರೆಗೆ ಸೇರಿಸಿದೆವು. ಒಂದೆರಡು ಸಲ, “ದಾರ ಬಂತಾ?” ಎಂದು ಕೇಳಿದರು. ಬರುತ್ತೆ ಎಂದೆ. ಆಮೇಲೆ ಕೇಳುವುದನ್ನೂ ಬಿಟ್ಟರು. ಫೈನಲ್ ಮುಗಿದ ವಾರದಲ್ಲಿ, ಒಂದು ಮಧ್ಯಾಹ್ನ, ನಾನು ಒದ್ದೆ ಬಟ್ಟೆಯಲ್ಲಿ ಅವರ ತುಟಿ ಒರೆಸುತ್ತಿರುವಾಗಲೇ ಹೋದರು. ಮೇಘನಾ ಪಾದ ಹಿಡಿದುಕೊಂಡಿದ್ದಳು. ನೋವಿಲ್ಲದೆ ಹೋದರು ಎಂದು ನರ್ಸು ಹೇಳಿದಳು. ನಾನು ಅದನ್ನೂ ದೇವರ ಉಪಕಾರವೆಂದು ಎಣಿಸಿಕೊಂಡಿದ್ದೇನೆ. ಎಣಿಸಿಕೊಳ್ಳದೆ ಇನ್ನೇನು ಮಾಡಲಿ.

ಕಾಗದ ಪತ್ರವೆಲ್ಲ ಶೆಟ್ಟರೇ ಓಡಾಡಿ ಮಾಡಿಸಿದರು. “ಯಲ್ಲಾ ಯಲ್ಲಾ”, ಬೇಗ ಬೇಗ, ಎಂದು ಒಂದೊಂದು ಕೌಂಟರಿನಲ್ಲೂ ಬೇಡಿಕೊಂಡರು. ವಿಮಾನಗಳೆಲ್ಲ ಊರಿಗೆ ಮರಳುವವರಿಂದ ತುಂಬಿದ್ದರೂ ನಮಗೆ ಜಾಗ ಸಿಕ್ಕಿತು. “ಖಲಾಸ್ ಅಕ್ಕ, ಎಲ್ಲಾ ಆಯ್ತು. ಇನ್ನು ನೀವು ಭಾವನನ್ನು ಕರ್ಕೊಂಡು ಹೋಗುದೊಂದೇ” ಎಂದು ಹೇಳಿ ಆ ದೊಡ್ಡ ಮನುಷ್ಯ ಚಿಕ್ಕ ಮಕ್ಕಳ ಹಾಗೆ ಬಿಕ್ಕಿದರು. ಬೆಂಗಳೂರಿನ ವಿಮಾನದಲ್ಲಿ ಸುತ್ತಲೂ ವಿಶ್ವಕಪ್ ಗೆದ್ದ ತಂಡದ ನೀಲಿ ಬಿಳಿ ಪಟ್ಟೆಯ ಅಂಗಿ ತೊಟ್ಟವರು, ಹಾಡು, ನಗು. ಯಾರ ಮೇಲೂ ನನಗೆ ಕೋಪ ಬರಲಿಲ್ಲ. ನಮ್ಮ ಕಾಲಡಿಯಲ್ಲಿ, ಸಾಮಾನಿನ ಜೊತೆ ಇವರು ಮಲಗಿದ್ದಾರೆ ಎಂಬುದು ಅವರಿಗೇನು ಗೊತ್ತು? ನಾನು ಪಾದ ಪೂರ್ತಿ ಊರದೆ ಕೂತಿದ್ದೆ.

ಮೈಸೂರಿನಲ್ಲಿ ಎಲ್ಲ ಕಾರ್ಯ ಮುಗಿಸಿ, ಮಗಳು ನನ್ನನ್ನು ತನ್ನ ವೀಸಾದ ಮೇಲೆ ಮತ್ತೆ ದೋಹಾಕ್ಕೆ ಕರೆತಂದಳು. ಅವಳೊಬ್ಬಳನ್ನೇ ಬಿಟ್ಟಿರಲು ನನಗೂ ಆಗುತ್ತಿರಲಿಲ್ಲ. ಮಾರ್ಚಿನಲ್ಲಿ ಇವರ ಕಂಪನಿಯವರೊಬ್ಬರು ಫೋನು ಮಾಡಿದರು, ಸಾರ್ ಹೆಸರಿಗೆ ಆಫೀಸಿನ ವಿಳಾಸಕ್ಕೆ ಕೆನಡಾದಿಂದ ಒಂದು ಪೊಟ್ಟಣ ಬಂದಿದೆ ಎಂದು. ಶೆಟ್ಟರು ತಂದುಕೊಟ್ಟರು. ಒಳಗೆ ಕೂರದೆ ಬಾಗಿಲಿನಿಂದಲೇ ಹೋದರು.

ಒಳಗಿದ್ದದ್ದು ಒಂದು ಬಿಳಿ ಹುರಿ, ಸುರುಳಿ ಸುತ್ತಿದ್ದು. ಎರಡೂ ತುದಿ ನೇರವಾಗಿ ಕತ್ತರಿಸಿತ್ತು. ಒಂದು ಕಡೆ ಅಂಟು ಹತ್ತಿ ಬಣ್ಣ ಹಳದಿಯಾಗಿತ್ತು. ಮೂಗಿಗೆ ಹಿಡಿದೆ. ಹೌದು, ಕಿತ್ತಳೆ ಸಿಪ್ಪೆ. ಮೂವತ್ತು ವರ್ಷ ಮಾತಿನಲ್ಲೇ ಕೇಳಿದ ವಾಸನೆ.

ಎರಡೂ ಕೈ ಅಗಲಕ್ಕೆ ಚಾಚಿ ಹಿಡಿದು ನೋಡಿದೆ, ದಾರ ಇನ್ನೂ ಉಳಿಯಿತು. ನಮ್ಮೂರಿನ ಅರಳಿಕಟ್ಟೆಯಲ್ಲಿ ಎಷ್ಟೋ ಸಲ ಮರಕ್ಕೆ ದಾರ ಸುತ್ತಿ ಪ್ರದ‌ಕ್ಷಿಣೆ ಮಾಡಿದವಳು ನಾನು. ದಾರವೇ ಮರವನ್ನು ಬಿಟ್ಟು ನನ್ನ ಹತ್ತಿರ ಬಂದದ್ದು ಇದೇ ಮೊದಲು. ಏನು ಮಾಡಬೇಕೋ ತೋಚಲಿಲ್ಲ. ಅವರು ಕಣ್ಣಲ್ಲಿ ನೋಡಬೇಕು ಅಂದಿದ್ದರಲ್ಲ. ನೆಲ ಒರೆಸಿ, ಅವರ ಮಂಚ ಇದ್ದ ಜಾಗದಲ್ಲಿ ಆ ಹುರಿಯನ್ನು ತುದಿಗೆ ತುದಿ ಸೇರಿಸಿ ದುಂಡಗೆ ಇಟ್ಟೆ, ರಂಗೋಲಿಗೆ ಎಳೆ ಎಳೆಯುವ ಹಾಗೆ. ಒಂದು ದೊಡ್ಡ ಮಣೆಯಷ್ಟು ಜಾಗವಾಯಿತು. ಸೆರಗು ಒಳಗೆಳೆದುಕೊಂಡು ಅದರ ನಡುವೆ ಚಕ್ಕಂಬಕ್ಕಳ ಹಾಕಿ ಕೂತೆ. ಸರಿಯಾಗಿ ಹಿಡಿಸಿದೆ. ಮೇಘನಾ ಆಫೀಸಿನಿಂದ ಬಂದು ಬಾಗಿಲು ತೆಗೆದು, ನನ್ನನ್ನು ಕಂಡು, ವೃತ್ತದ ಹೊರಗೆ ನನಗೆ ಒರಗಿ ಕೂತಳು.

ಈಗ ಅವರಿಲ್ಲದ ಎರಡನೆಯ ಚಳಿಗಾಲ. ಉಳಿದ ಮರಕ್ಕೆ ಮೊದಲ ಒಂದೆರಡು ಚಳಿಗಾಲ ಕಷ್ಟ ಎಂದು ಅವರು ಹೇಳಿದ್ದು ಮರದ ವಿಷಯವೇ ಇರಬೇಕು. ಅವರು ಸುತ್ತುಬಳಸಿ ಮಾತಾಡುವವರಲ್ಲ. ಆದರೂ ಬೆಳಗ್ಗೆ ಎದ್ದು ಬಾಲ್ಕನಿಗೆ ಹೋಗಿ, ಅವರು ಉಳಿಸಿದ ಆ ಒಂದು ತುಳಸಿಗೆ ನೀರು ಹಾಕುವಾಗ ಅದರ ಬುಡ ಮುಟ್ಟಿ ನೋಡುತ್ತೇನೆ. ಹೆಬ್ಬೆರಳಿನಷ್ಟು ದಪ್ಪವಾಗಿದೆ. ಗಾಳಿ ಬಂದರೆ ಅಲ್ಲಾಡುತ್ತದೆ, ಬೀಳುವುದಿಲ್ಲ.